ಸಣ್ಣ ವ್ಯಾಪಾರಿಯ ಓಲೆ: ಅಂತರಜಾಲದ ಕಾಲದಲ್ಲಿ ಅದರ ರೂಪಾಂತರವನ್ನು ಕುರಿತು

ವರ್ತಕರ ಪತ್ರವ್ಯವಹಾರವನ್ನು ಇತಿಹಾಸದ ಆಕರವೆಂದು ಗಣಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ಶಾಸನ, ತಾಮ್ರಪಟ, ಕೈಫಿಯತ್ತು, ದಫ್ತರ ಮುಂತಾದವುಗಳಿಗೆ ನಾವು ಸಲ್ಲಿಸುವ ಗೌರವ, ಕಿರಾಣಿ ಅಂಗಡಿಯ ತೊಲೆಯಿಂದ ನೇತಾಡುವ ಕಬ್ಬಿಣದ ತಂತಿಗೆ ಚುಚ್ಚಿದ ಅಂಚೆಯ ಕಾರ್ಡುಗಳಿಗೆ ಸಲ್ಲುವುದಿಲ್ಲ. ಈ ಉಪೇಕ್ಷೆಯ ಫಲವಾಗಿ, ಇಂದು ಆ ಪತ್ರವ್ಯವಹಾರದ ರೂಪವೇ ನಮ್ಮ ಕಣ್ಣೆದುರಿನಲ್ಲಿ ಬದಲಾಗುತ್ತಿರುವಾಗ, ಬದಲಾವಣೆಯನ್ನು ಅಳೆಯತಕ್ಕ ಅಳತೆಗೋಲೇ ನಮ್ಮ ಕೈಯಲ್ಲಿ ಇಲ್ಲದಂತಾಗಿದೆ. ಅಂತರಜಾಲವೂ ಸಾಮಾಜಿಕ ಜಾಲತಾಣಗಳೂ ಸಣ್ಣ ವ್ಯಾಪಾರದ ಮಾತುಕತೆಯನ್ನು ಹೇಗೆ ಮಾರ್ಪಡಿಸಿವೆಯೆಂಬ ವಿಷಯವಾಗಿ ಬರೆಯುವವರಲ್ಲಿ ಸಾಮಾನ್ಯವಾಗಿ ಎರಡು ಪಂಗಡಗಳುಂಟು. ಮೊದಲನೆಯವರಿಗೆ ಇದೊಂದು ಮಹಾಕ್ರಾಂತಿ. ಹಳ್ಳಿಯ ನೇಕಾರನು ಒಂದೇ ನೆಗೆತಕ್ಕೆ ಜಗತ್ತಿನ ಪೇಟೆಗೆ ಬಂದು ನಿಂತನೆಂದು ಅವರು ಸಂತೋಷಪಡುತ್ತಾರೆ. ಎರಡನೆಯವರಿಗೆ ಇದೊಂದು ಪತನ. ಅಂಗಡಿಕಾರನಿಗೂ ಗಿರಾಕಿಗೂ ನಡುವೆ ಇದ್ದ ಮುಖಪರಿಚಯ ಹೋಯಿತೆಂದು ಅವರು ನಿಟ್ಟುಸಿರು ಬಿಡುತ್ತಾರೆ. ಹಿಂದೆ ಏನಿದ್ದಿತೆಂಬುದನ್ನು ವಿಚಾರಿಸುವ ಶ್ರಮವನ್ನು ಇಬ್ಬರೂ ವಹಿಸುವುದಿಲ್ಲವಾದ್ದರಿಂದ ಇಬ್ಬರ ಮಾತೂ ಅರ್ಧವಾಗಿಯೇ ಉಳಿಯುತ್ತದೆ.

ಪ್ರಕೃತ ಲೇಖನದಲ್ಲಿ ವ್ಯಾಪಾರಿಯ ಓಲೆಯನ್ನು ಒಂದು ಬರವಣಿಗೆಯ ಪ್ರಕಾರವೆಂದೇ ಭಾವಿಸಿ, ಅದರ ಹಳೆಯ ಲಕ್ಷಣಗಳನ್ನು ಗುರುತಿಸಿ, ಅವುಗಳಲ್ಲಿ ಯಾವುವು ಉಳಿದಿವೆ, ಯಾವುವು ಅಳಿದಿವೆ ಎಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇನೆ. ನಾನು ವಾಣಿಜ್ಯಶಾಸ್ತ್ರವನ್ನು ಬಲ್ಲವನಲ್ಲ. ಸಂತೆಪೇಟೆಯ ಊರೊಂದರಲ್ಲಿ ಬೆಳೆದು, ಈಗ ಇತಿಹಾಸವನ್ನು ಬೋಧಿಸುತ್ತಿರುವವನ ದೃಷ್ಟಿ ಇದು.

ಮೊದಲು ಪ್ರಚಾರದ ವಿಷಯ. ತಾವು ತಮ್ಮನ್ನು ಹೊಗಳಿಕೊಂಡು ಲೋಕಕ್ಕೆ ಸಾರುವುದು ಜಾಲತಾಣಗಳ ಕಾಲದಲ್ಲಿ ವ್ಯಾಪಾರಿಗಳಿಗೆ ಅಂಟಿದ ಹೊಸ ಚಾಳಿಯೆಂದು ಹೇಳುವವರು ನಮ್ಮ ಶಾಸನಗಳನ್ನು ಓದಿಲ್ಲವೆಂದೇ ಹೇಳಬೇಕು. ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣಾಪಥದಲ್ಲೆಲ್ಲ ಹರಡಿದ್ದ ಅಯ್ಯಾವೊಳೆ ಐನೂರ್ವರ ಪ್ರಶಸ್ತಿಗಳು ಆತ್ಮಸ್ತುತಿಯಲ್ಲಿ ರಾಜಪ್ರಶಸ್ತಿಗಳಿಗೆ ಎಳ್ಳಷ್ಟೂ ಕಡಮೆಯಿಲ್ಲ. ಶಿಕಾರಿಪುರ ಸೀಮೆಯಲ್ಲಿ ದೊರೆತಿರುವ 11ನೆಯ ಶತಮಾನದ ಒಂದು ಶಾಸನ, ತಾವು ನೆಲದಾರಿ ಜಲದಾರಿಗಳೆರಡರಲ್ಲಿಯೂ ಸಂಚರಿಸಿದ ದೇಶಗಳ ಹೆಸರುಗಳನ್ನೂ, ಆನೆ ಕುದುರೆಗಳಿಂದ ಮೊದಲುಗೊಂಡು ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳ ತನಕ ತಾವು ಮಾರಿದ ಸರಕುಗಳನ್ನೂ ಉದ್ದನೆಯ ಪಟ್ಟಿಯಾಗಿ ಕೊಡುತ್ತದೆ. ಸಗಟಾಗಿ ಮಾರಿದ್ದನ್ನು ಹೇಳಿಕೊಂಡಂತೆ ಹೆಗಲ ಮೇಲೆ ಹೊತ್ತು ಮಾರಿದ್ದನ್ನೂ ಅದು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತದೆ. ಸರಕುಗಳ ಆ ಪಟ್ಟಿಗೂ, ಇಂದು ಸಣ್ಣ ವ್ಯಾಪಾರಿಯೊಬ್ಬ ತನ್ನ ಫೋನಿನಲ್ಲಿ ಚಿತ್ರಸಹಿತವಾಗಿ ಜೋಡಿಸಿಡುವ ಕ್ಯಾಟಲಾಗಿಗೂ ಉದ್ದೇಶದಲ್ಲಿ ಭೇದವಿಲ್ಲ. ಭೇದವಿರುವುದು ಬಾಳಿಕೆಯಲ್ಲಿ. ಅದನ್ನು ಕಲ್ಲಿನಲ್ಲಿ ಕೊರೆದಿದ್ದರು. ವಾಟ್ಸ್‌ಆ್ಯಪಿನ ಸ್ಟೇಟಸ್ 24 ಗಂಟೆಗಳ ತರುವಾಯ ತಾನೇ ಅಳಿಸಿಹೋಗುತ್ತದೆ.

ಪ್ರಶಸ್ತಿಗಿಂತಲೂ ನಮಗೆ ಇಲ್ಲಿ ಮುಖ್ಯವಾದದ್ದು ಓಲೆ. ಒಬ್ಬನು ಇನ್ನೊಬ್ಬನನ್ನೇ ಉದ್ದೇಶಿಸಿ ಬರೆದದ್ದು, ಊರಿಗೆ ಸಾರುವುದಕ್ಕಲ್ಲದೆ ಕೆಲಸವಾಗುವುದಕ್ಕೆಂದು ಬರೆದದ್ದು. ಇಂಥ ಓಲೆಗಳು ಎಷ್ಟು ದೂರದ ಕಾಲದಿಂದಲೂ ನಮಗೆ ದೊರೆಯಬಹುದೆಂಬುದಕ್ಕೆ ಮಂಗಳೂರಿಗೆ ಸಂಬಂಧಿಸಿದ ಒಂದು ಅಪೂರ್ವ ನಿದರ್ಶನವುಂಟು. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಯಹೂದ್ಯರ ಪ್ರಾರ್ಥನಾಮಂದಿರವಿದೆ. ದೇವರ ನಾಮವಿರಬಹುದಾದ ಯಾವ ಕಾಗದವನ್ನೂ ನಾಶಮಾಡಬಾರದೆಂಬ ನಂಬುಗೆಯಿಂದ ಅಲ್ಲಿನವರು ಉಪಯೋಗ ತೀರಿದ ಕಾಗದಗಳನ್ನೆಲ್ಲ ಗೆನಿಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಿದ್ದರು. ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು 1896–97ರಲ್ಲಿ ಈ ರಾಶಿಯ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದರು. ಧರ್ಮಗ್ರಂಥಗಳ ತುಣುಕುಗಳ ನಡುವೆ ಅಲ್ಲಿ ಸಾವಿರಾರು ವ್ಯಾಪಾರದ ಕಾಗದಗಳೂ ದೊರೆತವು, ಎಸ್. ಡಿ. ಗೊಯಿಟೈನ್ ತಮ್ಮ ಜೀವಮಾನದ ಬಹುಭಾಗವನ್ನು ಅವುಗಳ ಅಧ್ಯಯನಕ್ಕೆ ಮೀಸಲಾಗಿಟ್ಟರು. ಆ ಕಾಗದಗಳಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ವರ್ತಕನವು ಕೆಲವು. ಇಂದಿನ ಟ್ಯುನೀಷಿಯಾ ದೇಶದ ಮಹ್ದಿಯಾದವನಾದ ಈತನು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದನು. 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. ಇಲ್ಲಿ ಕಂಚಿನ ಪಾತ್ರೆಗಳ ಒಂದು ಕಾರ್ಖಾನೆಯನ್ನು ನಡೆಸುತ್ತ, ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಪಡುವಣಕ್ಕೆ ಕಳುಹಿಸುತ್ತಿದ್ದನು. ಇವನ ಆಳಾಗಿ ಏಡನ್ನಿಗೂ ಹೋಗಿಬರುತ್ತಿದ್ದವನ ಹೆಸರು ‘ಬೊಮ್ಮ’ ಎಂದಿರಬೇಕೆಂದು ಅಮಿತಾವ್ ಘೋಷ್ ಅವರು, ಬಿ. ಎ. ವಿವೇಕ ರೈ ಅವರಂಥ ನಮ್ಮ ವಿದ್ವಾಂಸರೊಡನೆ ವಿಚಾರಿಸಿ, 1992ರಲ್ಲಿ ಪ್ರಕಟಪಡಿಸಿದ್ದು ಬಹುಮಂದಿ ವಾಚಕರಿಗೆ ತಿಳಿದ ಸಂಗತಿ.

ಈ ಓಲೆಗಳ ಲಕ್ಷಣವನ್ನು ಗಮನಿಸಬೇಕು. ಏಡನ್ನಿನ ವರ್ತಕನು ಒಡೆದ ಕಂಚನ್ನು ಕಳುಹಿಸಿ, ಇಂಥ ಅಳತೆಯ ಪಾತ್ರೆ, ಇಂಥ ಆಕಾರದ ದೀಪ ಬೇಕೆಂದು ಬರೆಯುತ್ತಾನೆ. ಅದೇ ಓಲೆಯಲ್ಲಿ ಮುಳುಗಿದ ಹಡಗಿನ ವಾರ್ತೆ, ಪೇಟೆಯ ಧಾರಣೆ, ತಾನು ಪ್ರೀತಿಯಿಂದ ಕಳುಹಿಸಿದ ಸಕ್ಕರೆ, ಒಣದ್ರಾಕ್ಷಿ, ಕಾಗದಗಳ ಲೆಕ್ಕ, ಮನೆಯವರ ಕ್ಷೇಮಸಮಾಚಾರ ಎಲ್ಲವೂ ಬರುತ್ತವೆ. ವ್ಯಾಪಾರಕ್ಕೆ ಬೇರೆ, ಸ್ನೇಹಕ್ಕೆ ಬೇರೆ ಎಂಬ ಎರಡು ಓಲೆಗಳಿಲ್ಲ. ಇನ್ನೊಂದು ಪ್ರಸಂಗ ಇದಕ್ಕಿಂತಲೂ ಸ್ವಾರಸ್ಯವಾದದ್ದು. ಇಲ್ಲಿನ ದಲ್ಲಾಳಿಯೊಬ್ಬನು ಏಲಕ್ಕಿಗೆಂದು ಮುಂಗಡ ಹಣವನ್ನು ಪಡೆದು ಸರಕನ್ನು ಒಪ್ಪಿಸದೆ ಹೋದಾಗ, ಏಡನ್ನಿನ ಮಿತ್ರನು ಬೆನ್ ಯಿಜುವಿಗೆ ಕೊಡುವ ಸಲಹೆಯೇನೆಂದರೆ, ಮಾತಿಗೆ ತಪ್ಪಿದವರನ್ನು ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುತ್ತಾರೆಂದು ಹೇಳಿ ಅವನನ್ನು ಹೆದರಿಸಬೇಕೆಂಬುದು. ದೂರದ ಪೇಟೆಯಲ್ಲಿ ಕೆಟ್ಟ ಹೆಸರು ಬರುವುದೆಂಬ ಭಯವೇ ಅಂದಿನ ಕರಾರಿಗೆ ಕಾವಲು. ಗೂಗಲ್ ನಕಾಶೆಯಲ್ಲಿ ಅಂಗಡಿಗಳಿಗೆ ಕೊಡುವ ನಕ್ಷತ್ರಗಳನ್ನು ಕಂಡು ಬೆರಗಾಗುವವರು ಈ ಓಲೆಯನ್ನು ನೆನೆಯಬಹುದು. ಒಂದು ಅಂತರ ಮಾತ್ರ ದೊಡ್ಡದು: ಏಡನ್ನಿನಲ್ಲಿ ಖಂಡಿಸುವವರು ಹೆಸರುಳ್ಳವರು, ತಾವೂ ಅದೇ ಖಂಡನೆಗೆ ಪಾತ್ರರಾಗಬಲ್ಲವರು; ನಕ್ಷತ್ರ ಕೊಡುವವನಿಗೆ ಆ ಹಂಗಿಲ್ಲ.

ಬೆನ್ ಯಿಜು ತೀರ ಸಣ್ಣ ವ್ಯಾಪಾರಿಯಾಗಿರಲಿಲ್ಲವೆಂದು ಆಕ್ಷೇಪಿಸಬಹುದು. ಆ ಆಕ್ಷೇಪಣೆ ನ್ಯಾಯವಾದುದೇ. ನಮ್ಮ ಸಣ್ಣ ವ್ಯಾಪಾರಿಗೆ ಬಹುಕಾಲ ಓಲೆಯೇ ಇರಲಿಲ್ಲ, ಲೆಕ್ಕವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲ ಪುಡಿಯನ್ನು ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಶಾನುಭೋಗರಂತೆ ಅಂಗಡಿಕಾರರೂ ಬಳಸುತ್ತಿದ್ದರು. ಅದರಲ್ಲಿ ಜಮೆ, ಖರ್ಚು, ಉದ್ರಿ, ಕೈಗಡಗಳು ಬೇರೆ ಬೇರೆಯಾಗಿರುತ್ತಿದ್ದವು. ಈ ಬೇರ್ಪಡೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಸ್ತಾಪ ಮತ್ತೆ ಬರಲಿದೆ.

ಸಣ್ಣ ವ್ಯಾಪಾರಿಯ ಕೈಗೆ ಓಲೆಯನ್ನು ನಿಜವಾಗಿ ಕೊಟ್ಟದ್ದು 1879ರ ಜುಲೈ ತಿಂಗಳಲ್ಲಿ ಕಾಲಣೆಗೆ ದೊರೆಯತೊಡಗಿದ ಅಂಚೆಯ ಕಾರ್ಡು. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಅದಕ್ಕೂ ಮೊದಲೇ, 1880ರಿಂದ, ಅಂಚೆಯ ಮನಿಯಾರ್ಡರು ನಡೆಯುತ್ತಿದ್ದಿತು. ಹೀಗೆ ಮಾತು, ಹಣ ಎರಡೂ ಒಂದೇ ಕಚೇರಿಯ ಮೂಲಕ, ಒಂದೇ ದರದಲ್ಲಿ, ಸಾಹುಕಾರನಿಗೂ ಬೀದಿಯ ಅಂಗಡಿಯವನಿಗೂ ಸಮಾನವಾಗಿ ಸಾಗುವಂತಾಯಿತು.

ನಮ್ಮ ಸೋದರಮಾವನವರ ಕಿರಾಣಿ ಅಂಗಡಿಯಲ್ಲಿ ಇಂಥ ಕಾರ್ಡುಗಳ ತಂತಿಗಳು ಮೂರು ಇದ್ದವು. ಬಾಲ್ಯದಲ್ಲಿ ನಾನು ಅವುಗಳನ್ನು ಬಿಡಿಸಿ ಓದಿದ್ದುಂಟು. ತಲೆಯಲ್ಲಿ ‘ಶ್ರೀ’; ಬಲಕ್ಕೆ ಊರು, ತಾರೀಖು; ಬಳಿಕ ಗೌರವದ ಸಂಬೋಧನೆ; ‘ಉಭಯ ಕುಶಲೋಪರಿ ಸಾಂಪ್ರತ’; ಅನಂತರ ಇಷ್ಟು ಚೀಲ ಬೆಲ್ಲ ಮುಟ್ಟಿತು, ಎರಡು ಚೀಲ ನೀರು ಕುಡಿದಿವೆ, ಧಾರಣೆಯಲ್ಲಿ ಇಷ್ಟು ಕಡಮೆ ಮಾಡತಕ್ಕದ್ದು, ಬಾಕಿ ಹಣವನ್ನು ದೀಪಾವಳಿಯೊಳಗೆ ಕಳುಹಿಸತಕ್ಕದ್ದು. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ, ‘ತಂಗಿಯ ಲಗ್ನ ಗೊತ್ತಾಯಿತು, ಬರಬೇಕು’. ಹತ್ತು ಹನ್ನೆರಡು ಸಾಲುಗಳಿಗೆ ಮೀರದ ಈ ಬರವಣಿಗೆಗೆ ಸಾಹಿತ್ಯವೆಂಬ ಹೆಸರು ಸಲ್ಲಬೇಕಾಗಿಲ್ಲ. ಆದರೆ ಅದರ ಬಿಗಿಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ಅಂಚೆಯವನಿಂದ ಮೊದಲುಗೊಂಡು ಯಾರಾದರೂ ಓದಬಹುದಾದ ತೆರೆದ ಕಾಗದವಾದ್ದರಿಂದ, ಬಯ್ಯಬೇಕಾದುದನ್ನೂ ಮರ್ಯಾದೆಯಿಂದ ಬಯ್ಯಬೇಕಾಗುತ್ತಿದ್ದಿತು. ಅಂಕಿಯೂ ಮಾತೂ ಒಂದೇ ಹಾಳೆಯ ಮೇಲೆ ಇರುತ್ತಿದ್ದವು: ಎಷ್ಟು ರೂಪಾಯಿ ಎಂಬುದರ ಪಕ್ಕದಲ್ಲಿಯೇ ಆ ರೂಪಾಯಿ ಏತಕ್ಕೆ ಎಂಬುದು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಈ ಓಲೆಯನ್ನು ಕೊಂದದ್ದು ಅಂತರಜಾಲವೆಂದು ಹೇಳುವುದು ವಾಡಿಕೆ. ಕಾಲಾನುಕ್ರಮವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ದೂರವಾಣಿ ಸಂಶೋಧನೆಗಾಗಿ ಸಿ-ಡಾಟ್ ಸಂಸ್ಥೆ ಸ್ಥಾಪಿತವಾದದ್ದು 1984ರಲ್ಲಿ. ಅದು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸವನ್ನಾರಂಭಿಸಿತು. ಅನಂತರದ ವರ್ಷಗಳಲ್ಲಿ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ಪೇಟೆಪೇಟೆಗೂ ಬಂದವು. ಧಾರಣೆಯನ್ನು ಕೇಳುವುದಕ್ಕೂ ಸರಕು ತರಿಸುವುದಕ್ಕೂ ಕಾರ್ಡು ಬರೆಯುವ ಅವಶ್ಯಕತೆ ಅಂದಿಗೇ ತಪ್ಪಿತು. ಮಾವನವರ ತಂತಿಗಳಲ್ಲಿ ಕೊನೆಯ ಕಾರ್ಡುಗಳು 1990ರ ದಶಕದ ಮೊದಲ ವರ್ಷಗಳವು. ಜಂಗಮವಾಣಿಯೂ ಸಾರ್ವಜನಿಕರಿಗೆ ಅಂತರಜಾಲವೂ ನಮ್ಮ ದೇಶಕ್ಕೆ ಬಂದದ್ದು 1995ರಲ್ಲಿ. ಸಂತೆಪೇಟೆಯ ಅಂಗಡಿಗೆ ಅಂತರಜಾಲ ಮುಟ್ಟಿದ್ದು ಅದಕ್ಕೂ ಎಷ್ಟೋ ವರ್ಷಗಳ ತರುವಾಯ. ಆದುದರಿಂದ ನಡುವೆ ಇಪ್ಪತ್ತು ವರ್ಷಗಳಿಗೂ ಮೀರಿದ ಒಂದು ಮೌನದ ಅವಧಿಯುಂಟು. ಆ ಅವಧಿಯಲ್ಲಿ ಸಣ್ಣ ವ್ಯಾಪಾರದ ಮಾತು ಹೇರಳವಾಗಿ ನಡೆಯಿತು, ಬರೆಹದಲ್ಲಿ ಏನೂ ಉಳಿಯಲಿಲ್ಲ. ವಾಟ್ಸ್‌ಆ್ಯಪನ್ನು ಕಾರ್ಡಿನೊಡನೆ ಹೋಲಿಸುವವರು ವಾಸ್ತವವಾಗಿ ಅದನ್ನು ಎಸ್.ಟಿ.ಡಿ. ಬೂತಿನೊಡನೆ ಹೋಲಿಸಬೇಕು. ಹಾಗೆ ಹೋಲಿಸಿದಾಗ ಅದು ಬರೆಹಕ್ಕೆ ಮರಳಿದ ಒಂದು ಹೆಜ್ಜೆಯಾಗಿಯೇ ಕಾಣಿಸುತ್ತದೆ.

ಈ ಮರಳುವಿಕೆ ಬಹು ವೇಗವಾಗಿ ಆಯಿತು. ವಾಟ್ಸ್‌ಆ್ಯಪ್ 2009ರಲ್ಲಿ ಹುಟ್ಟಿ 2014ರಲ್ಲಿ ಫೇಸ್‌ಬುಕ್ ಸಂಸ್ಥೆಯ ಪಾಲಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಬಳಿಕ ದತ್ತಾಂಶದ ದರ ಕುಸಿಯಿತು. ಅದೇ ವರ್ಷ ಯು.ಪಿ.ಐ. ಪಾವತಿಯ ಏರ್ಪಾಡು ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಬೇರೆ ಆ್ಯಪ್ ಬಂದಿತು. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಮೀಶೋ ಸಂಸ್ಥೆಯಂತೂ ತನ್ನ ಮೊದಲ ವರ್ಷಗಳಲ್ಲಿ, ಮನೆಯಲ್ಲಿಯೇ ಕುಳಿತ ಗೃಹಿಣಿಯರು ತಮ್ಮ ವಾಟ್ಸ್‌ಆ್ಯಪ್ ಪರಿಚಯದವರಿಗೆ ಬಟ್ಟೆಬರೆಗಳ ಚಿತ್ರಗಳನ್ನು ಕಳುಹಿಸಿ ಮಾರುವುದನ್ನೇ ತನ್ನ ವ್ಯವಹಾರದ ಬುನಾದಿಯಾಗಿ ಮಾಡಿಕೊಂಡಿದ್ದಿತು.

ಇಷ್ಟರಿಂದ ಓಲೆಯ ರೂಪದಲ್ಲಿ ಏನಾಯಿತು? ಇಳಕಲ್ಲಿನ ಸುತ್ತಿನ ನೇಕಾರ ಮನೆಗಳಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಅವರಲ್ಲೊಬ್ಬಳು ತನ್ನ ತಾಯಿಯ ಫೋನಿನಲ್ಲಿ ನಡೆಯುವ ವ್ಯಾಪಾರವನ್ನು ನನಗೆ ತೋರಿಸಿದಳು. ಸೀರೆಯ ಚಿತ್ರ ಹೋಗುತ್ತದೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಒಂದು ಪ್ರಶ್ನೆ ಬರುತ್ತದೆ. ಉತ್ತರ ಬಹುಪಾಲು ಅಕ್ಷರದಲ್ಲಿರುವುದಿಲ್ಲ, ಧ್ವನಿಯಲ್ಲಿರುತ್ತದೆ. ತೋಪುತೆನೆಯ ಸೆರಗನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಹೇಗೆ ಸೇರಿಸಿದೆ, ಈ ಕೆಂಪು ಏಕೆ ಚಿತ್ರದಲ್ಲಿ ಕಂಡಷ್ಟು ಗಾಢವಾಗಿಲ್ಲ, ಅಂಚಿನ ರೇಷ್ಮೆ ಯಾವುದು ಎಂಬುದನ್ನೆಲ್ಲ ಆ ತಾಯಿ ತನ್ನ ಊರ ಕನ್ನಡದಲ್ಲಿ ಒಂದೂವರೆ ನಿಮಿಷದ ಧ್ವನಿಯಾಗಿ ಕಳುಹಿಸುತ್ತಾಳೆ. ನಾನು ಅದನ್ನು ಕೇಳಿದೆ. ಕಾರ್ಡಿನ ಕಾಲದಲ್ಲಿ ಈಕೆಗೆ ಓಲೆಯೇ ಇರಲಿಲ್ಲವೆಂಬುದನ್ನು ಮರೆಯಲಾಗದು. ಅಕ್ಷರ ಬಾರದ ಅಥವಾ ಬರೆಯಲು ಸಂಕೋಚಪಡುವ ಹೆಂಗಸಿನ ಮಾತು ಯಜಮಾನನ ಕೈಯನ್ನೂ ದಲ್ಲಾಳಿಯ ಕೈಯನ್ನೂ ದಾಟಿ ಗಿರಾಕಿಗೆ ನೇರವಾಗಿ ಮುಟ್ಟುವುದು ನಮ್ಮ ವ್ಯಾಪಾರದ ಇತಿಹಾಸದಲ್ಲಿ ಸಾಮಾನ್ಯ ಸಂಗತಿಯಲ್ಲ. ಮುಖಪರಿಚಯ ಹೋಯಿತೆಂದು ಗೋಳಾಡುವವರು ಆ ಪರಿಚಯದ ಹಳೆಯ ಪೇಟೆಯಲ್ಲಿ ಯಾರ ಮುಖಕ್ಕೆ ಪ್ರವೇಶವಿದ್ದಿತೆಂದು ಯೋಚಿಸಿದಂತೆ ತೋರುವುದಿಲ್ಲ.

ಚಿತ್ರದಿಂದ ಬಂದ ತೊಡಕೂ ಅಷ್ಟೇ ನಿಜವಾದದ್ದು. ಕೈಮಗ್ಗದ ಸೀರೆಗೂ ವಿದ್ಯುನ್ಮಗ್ಗದ ಸೀರೆಗೂ ಇರುವ ಭೇದ ಬೆರಳಿಗೆ ತಿಳಿಯುವಂತೆ ಪರದೆಗೆ ತಿಳಿಯುವುದಿಲ್ಲ. ಗಿರಾಕಿಗೆಂದು ಕಳುಹಿಸಿದ ಚಿತ್ರ ಬೇರೆಯವರ ಕೈಗೂ ಸೇರುತ್ತದೆ. ಹೊಸ ಅಂಚಿನ ವಿನ್ಯಾಸವನ್ನು ನಕಲು ಮಾಡಲು ಸೀರೆಯನ್ನು ಕೊಂಡುಕೊಳ್ಳುವ ಖರ್ಚು ಕೂಡ ಈಗ ಬೇಕಾಗಿಲ್ಲ. ತಾಯಿಯವರು ಹೊಸ ಅಂಚುಗಳ ಚಿತ್ರವನ್ನು ಎಲ್ಲರಿಗೂ ಕಳುಹಿಸುವುದನ್ನು ಬಿಟ್ಟು ಕೇಳಿದವರಿಗೆ ಮಾತ್ರ ಕಳುಹಿಸುತ್ತಾರಂತೆ. ಸರಕನ್ನು ಮುಚ್ಚಿಟ್ಟುಕೊಂಡು ಬೇಕಾದವರಿಗೆ ಒಳಗೆ ಕರೆದು ತೋರಿಸುವ ಹಳೆಯ ಜವಳಿ ಅಂಗಡಿಯ ಪದ್ಧತಿಯೇ ಹೀಗೆ ಹಿತ್ತಲ ಬಾಗಿಲಿನಿಂದ ಮತ್ತೆ ಬಂದಿದೆ. ಬೆಲೆಯ ವಿಷಯದಲ್ಲಿಯೂ ಇದೇ ಸ್ಥಿತಿ. ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿ ಬೆಲೆಯನ್ನು ಖಾಸಗಿಯಾಗಿ ಕೇಳಬೇಕೆನ್ನುವ ಇನ್‌ಸ್ಟಾಗ್ರಾಂ ಅಂಗಡಿಗಳ ರೂಢಿಯನ್ನು, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ದನದ ಜಾತ್ರೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಭಾಷೆಯ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯವನೂ ಕನ್ನಡಿಗ, ಕೇಳುವವನೂ ಕನ್ನಡಿಗ. ಆದರೂ ಅಂಗಡಿಯ ಪರವಾಗಿ ಯಂತ್ರ ತಾನಾಗಿ ಕಳುಹಿಸುವ ಸ್ವಾಗತವಾಕ್ಯ ಅನೇಕ ಕಡೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಅದನ್ನು ಬದಲಿಸಿಕೊಳ್ಳಲು ಅಡ್ಡಿಯೇನೂ ಇಲ್ಲ; ಬದಲಿಸಬೇಕೆಂದು ಯಾರಿಗೂ ತೋಚಿಲ್ಲ, ಅಷ್ಟೆ. ಯು.ಪಿ.ಐ. ಹಣ ಬಂದಿತೆಂದು ಕೂಗುವ ಪೆಟ್ಟಿಗೆಯಾದರೋ ಕನ್ನಡದಲ್ಲಿ ಕೂಗುತ್ತದೆ. ಇದರಿಂದ, ಹಣದ ಬಾಯಲ್ಲಿ ಕನ್ನಡವೂ ಮರ್ಯಾದೆಯ ಬಾಯಲ್ಲಿ ಇಂಗ್ಲಿಷೂ ನಿಂತಂತಾಗಿದೆ. ಕಾರ್ಡಿನ ‘ಉಭಯ ಕುಶಲೋಪರಿ’ಯೂ ಯಾಂತ್ರಿಕವಾದ ಮಾತೇ ಆಗಿದ್ದಿತೆಂಬುದನ್ನು ಒಪ್ಪುತ್ತೇನೆ, ಆದರೆ ಅದನ್ನು ಬರೆಯುವ ಯಂತ್ರ ಮನುಷ್ಯನ ಕೈಯಾಗಿದ್ದಿತು.

ಇನ್ನು ಓಲೆ ಸಾಗುವ ಹಾದಿಯ ಒಡೆತನ ಯಾರದೆಂಬ ಪ್ರಶ್ನೆ. ಅಂಚೆಯೂ ಸರ್ಕಾರದ ಏಕಸ್ವಾಮ್ಯವಾಗಿದ್ದಿತಾದ್ದರಿಂದ, ಇಂದಿನ ಸಂಸ್ಥೆಗಳ ಏಕಸ್ವಾಮ್ಯದಲ್ಲಿ ಹೊಸದೇನೂ ಇಲ್ಲವೆಂಬ ವಾದವನ್ನು ಕೇಳಿದ್ದೇನೆ. ಇದು ಒಪ್ಪತಕ್ಕ ಮಾತಲ್ಲ. ಕಾಲಣೆ ಕೊಟ್ಟವನ ಕಾರ್ಡನ್ನು ಅಂಚೆ ಮುಟ್ಟಿಸಲೇಬೇಕಾಗಿದ್ದಿತು. ಕಾರ್ಡಿನಲ್ಲಿರುವ ಮಾತು ಆಕರ್ಷಕವಾಗಿದೆಯೇ ಇಲ್ಲವೇ ಎಂದು ಅಂಚೆಯವನು ತೂಗಿ ನೋಡುತ್ತಿರಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ವ್ಯಾಪಾರಿಯ ಚಿತ್ರವನ್ನು ಯಾರಿಗೆ ತೋರಿಸಬೇಕು, ಎಷ್ಟು ಮಂದಿಗೆ ತೋರಿಸಬೇಕು ಎಂಬುದನ್ನು ಸಂಸ್ಥೆಯ ಲೆಕ್ಕಾಚಾರ ನಿರ್ಧರಿಸುತ್ತದೆ. ಹೆಚ್ಚು ಮಂದಿಗೆ ಮುಟ್ಟಬೇಕಾದರೆ ಜಾಹೀರಾತಿನ ಹಣ ತೆರಬೇಕು. ಓಲೆಗೆ ವಿಳಾಸವೆಂಬುದೇ ಇಲ್ಲವಾಗಿ, ಅದರ ಸ್ಥಾನದಲ್ಲಿ ‘ರೀಚ್’ ಎಂಬ ಅಂಕಿ ಬಂದಿದೆ.

ಈ ಹಾದಿ ಹೇಗೆ ಕಡಿಯಬಹುದೆಂಬುದನ್ನು ಕೆಲವು ವರ್ಷಗಳ ಅವಧಿಯಲ್ಲಿಯೇ ನೋಡಿದ್ದೇವೆ. ವದಂತಿಗಳಿಂದ ಕೊಲೆಗಳಾದವೆಂಬ ಕಾರಣಕ್ಕೆ 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದುವರಿಸಬಹುದೆಂದು ಮಿತಿ ಹಾಕಿತು. ಕಾರಣ ನ್ಯಾಯವಾದದ್ದೇ, ಆದರೆ ಕೊಲೆಗೂ ಸೀರೆಗೂ ಒಂದೇ ಮಿತಿ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ, ಅಲ್ಲಿಯೇ ಗಿರಾಕಿಗಳನ್ನು ಸಂಪಾದಿಸಿಕೊಂಡಿದ್ದವರ ಕೈಯಲ್ಲಿ ಆ ಗಿರಾಕಿಗಳ ಹೆಸರು, ವಿಳಾಸ ಯಾವುದೂ ಉಳಿಯಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆಗಳ ಕಾಲ ಲೋಕದಾದ್ಯಂತ ನಿಂತುಹೋದವು. ಬೆಂಗಳೂರಿನಲ್ಲಿಯೇ 2020ರಲ್ಲಿ ಹುಟ್ಟಿ, ಭಾರತೀಯ ಭಾಷೆಗಳ ಆಸರೆಯೆಂದು ಹೆಸರು ಪಡೆದಿದ್ದ ‘ಕೂ’ 2024ರಲ್ಲಿ ಬಾಗಿಲು ಹಾಕಿತು. ಹಡಗು ಮುಳುಗುವುದು ಬೆನ್ ಯಿಜುವಿನ ಕಾಲದಲ್ಲಿಯೂ ಇದ್ದಿತು ನಿಜ. ಆದರೆ ಹಡಗು ಮುಳುಗಿದಾಗ ಸರಕು ಹೋಗುತ್ತಿದ್ದಿತೇ ಹೊರತು, ಏಡನ್ನಿನ ಮಿತ್ರನು ಯಾರೆಂಬುದೇ ಮರೆತುಹೋಗುತ್ತಿರಲಿಲ್ಲ.

ನನ್ನ ಮುಖ್ಯವಾದ ಆಕ್ಷೇಪಣೆ ಇದಕ್ಕಿಂತ ಬೇರೆಯಾದದ್ದು. ಕಾರ್ಡಿನಲ್ಲಿ ಅಂಕಿಯೂ ಮಾತೂ ಜೊತೆಯಾಗಿದ್ದವೆಂದು ಹೇಳಿದೆನಷ್ಟೆ. ಇಂದು ಅವೆರಡೂ ಅಗಲಿವೆ. ಮಾತು ವಾಟ್ಸ್‌ಆ್ಯಪಿನ ಹಾದಿಯಲ್ಲಿ ಹೋಗುತ್ತದೆ. ಫೋನು ಬದಲಾದಾಗ, ಕೆಟ್ಟಾಗ, ಜಾಗ ಸಾಲದಾದಾಗ ಅಳಿಯುತ್ತದೆ. 2020ರಿಂದೀಚೆಗೆ ತಾನಾಗಿಯೇ ಮಾಯವಾಗುವ ಸಂದೇಶಗಳ ಏರ್ಪಾಡೂ ಉಂಟು. ಅಂಕಿ ಮಾತ್ರ ಯು.ಪಿ.ಐ. ಹಾದಿಯಲ್ಲಿ ಹೋಗಿ ಬ್ಯಾಂಕಿನಲ್ಲಿ ನಿಲ್ಲುತ್ತದೆ, ಅಳಿಯುವುದಿಲ್ಲ. ಈ ಅಗಲಿಕೆಯ ಪರಿಣಾಮವೇನೆಂಬುದು 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿಯೇ ಪ್ರಕಟವಾಯಿತು. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ 2024–25ರವರೆಗಿನ ಯು.ಪಿ.ಐ. ಜಮೆಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನೂ ಸೇವೆ ಸಲ್ಲಿಸುವವರದು 20 ಲಕ್ಷವನ್ನೂ ಮೀರಿದರೆ ಜಿ.ಎಸ್.ಟಿ. ನೋಂದಣಿ ಮಾಡಿಸತಕ್ಕದ್ದೆಂಬುದು ಕಾನೂನು. ಕಾನೂನನ್ನು ಜಾರಿ ಮಾಡುವುದು ಇಲಾಖೆಯ ಕರ್ತವ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ನೋಟೀಸು ಪಡೆದವರಲ್ಲಿ, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಇದ್ದರು. ಒಂದೇ ಖಾತೆಗೆ ಬಂದ ಕೈಗಡ, ನೆಂಟರ ಹಣ, ಚೀಟಿಯ ಕಂತುಗಳೂ ವಹಿವಾಟೆಂಬ ಲೆಕ್ಕದಲ್ಲಿ ಸೇರಿದವೆಂದು ವ್ಯಾಪಾರಿಗಳು ದೂರಿದರು. ಬೆಂಗಳೂರಿನ ಅಂಗಡಿಗಳಲ್ಲಿ ಯು.ಪಿ.ಐ. ಫಲಕಗಳನ್ನು ತೆಗೆದು, ನಗದು ಮಾತ್ರವೆಂಬ ಕೈಬರೆಹದ ಚೀಟಿಗಳನ್ನು ಅಂಟಿಸಿದರು. ಬಂದ್ ಕರೆಯೂ ಆಯಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ನಡೆಸಿ ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಟ್ಟಮೇಲೆ ಕಾವು ಆರಿತು.

ಈ ಪ್ರಸಂಗವನ್ನು ತೆರಿಗೆಯ ಜಗಳವೆಂದು ಓದಿದವರೇ ಹೆಚ್ಚು. ನನಗೆ ಇದು ಆಕರವಿಮರ್ಶೆಯ ಪ್ರಶ್ನೆಯಾಗಿ ತೋರುತ್ತದೆ. ಜಮೆ, ಉದ್ರಿ, ಕೈಗಡಗಳನ್ನು ಬೇರೆ ಬೇರೆಯಾಗಿಟ್ಟಿದ್ದ ಕಡತ ವ್ಯಾಪಾರಿಯ ಕೈಯಲ್ಲಿದ್ದಿತು, ಅದರ ಅರ್ಥವನ್ನು ಹೇಳುವವನೂ ಅವನೇ. ಅವನು ಸುಳ್ಳು ಬರೆದಿರಬಹುದು; ಬರೆದವರು ಬಹುಮಂದಿ ಇದ್ದರು; ಎರಡು ಕಡತ ಇಡುತ್ತಿದ್ದವರ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಸುಳ್ಳು ಕಡತವನ್ನಾದರೂ ವಿಮರ್ಶಿಸಿ ನಿಜವನ್ನು ಹೊರಡಿಸಬಹುದು, ಅದರಲ್ಲಿ ಮಾತಿದೆ. ಬ್ಯಾಂಕಿನ ಪಟ್ಟಿ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅದು ಏನನ್ನೂ ಹೇಳುವುದೇ ಇಲ್ಲ. ಐನೂರು ರೂಪಾಯಿ ಬಂದಿತು. ಬಾಳೆಹಣ್ಣಿಗೋ, ಸಾಲಕ್ಕೋ, ಸತ್ತವರ ಮನೆಗೆ ಕೊಡಬೇಕಾದ ಸಹಾಯಕ್ಕೋ? ಆ ಉತ್ತರ ಒಂದು ಕಾಲದಲ್ಲಿ ಯಾವುದೋ ಫೋನಿನಲ್ಲಿ ಧ್ವನಿಯಾಗಿ ಇದ್ದಿತು. 2025ರಲ್ಲಿ ಆ ಉತ್ತರವನ್ನು ಕೇಳಿದವರು ತೆರಿಗೆಯ ಅಧಿಕಾರಿಗಳು. ಮುಂದೆ ಅದೇ ಪ್ರಶ್ನೆಯನ್ನು ಕೇಳುವವರು ನಮ್ಮ ವಿದ್ಯಾರ್ಥಿಗಳ ವಿದ್ಯಾರ್ಥಿಗಳು. 12ನೆಯ ಶತಮಾನದ ಮಂಗಳೂರಿನಲ್ಲಿ ಏಲಕ್ಕಿಯ ಮುಂಗಡ ಏಕೆ ಮುಳುಗಿತೆಂದು ಹೇಳಬಲ್ಲ ನಾವು, ನಮ್ಮದೇ ಊರಿನ ಪೇಟೆಯ ಬಗೆಗೆ ಅವರಿಗೆ ಮೊತ್ತಗಳನ್ನು ಮಾತ್ರ ಬಿಟ್ಟುಹೋಗುವವರಿದ್ದೇವೆ.

ಗೆನಿಜಾದಲ್ಲಿ ಕಾಗದ ಉಳಿದದ್ದು ಯಾರೋ ಇತಿಹಾಸಕ್ಕೆಂದು ಉಳಿಸಿದ್ದರಿಂದಲ್ಲ. ಭಯಭಕ್ತಿಯಿಂದ ಎಸೆಯದೆ ಬಿಟ್ಟದ್ದರಿಂದ ಉಳಿಯಿತು. ಮಾವನವರ ಕಾರ್ಡುಗಳು ಉಳಿದದ್ದೂ ಅಷ್ಟೇ ಆಕಸ್ಮಿಕ. ತಂತಿಯನ್ನು ಇಳಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಆದರೆ ಫೋನಿನಲ್ಲಿ ಸೋಮಾರಿತನದಿಂದ ಉಳಿಯುವುದು ಕಡಮೆ. ಆದುದರಿಂದ ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಿರುಪ್ರಬಂಧದ ಬದಲಾಗಿ, ಒಂದು ಅಂಗಡಿಯ ಒಂದು ವರ್ಷದ ಮಾತುಕತೆಯನ್ನು ಮಾಲೀಕರ ಒಪ್ಪಿಗೆ ಪಡೆದು, ಗಿರಾಕಿಗಳ ಹೆಸರು, ಸಂಖ್ಯೆಗಳನ್ನು ತೆಗೆದು, ಪ್ರತಿಮಾಡಿ ಗ್ರಂಥಾಲಯದಲ್ಲಿ ಇಡುವ ಕೆಲಸವನ್ನು ಕೊಡಬಹುದೇ ಎಂದು ಸಹೋದ್ಯೋಗಿಗಳೊಡನೆ ಚರ್ಚಿಸುತ್ತಿದ್ದೇನೆ. ಅದರೊಡನೆ ಅದೇ ಅಂಗಡಿಯ ಹಳೆಯ ಖಾತೆಪುಸ್ತಕಗಳು, ಕಾರ್ಡುಗಳು ಉಳಿದಿದ್ದರೆ ಅವುಗಳನ್ನೂ ಸೇರಿಸಬೇಕು. ಖಾಸಗಿ ಮಾತನ್ನು ಸಾರ್ವಜನಿಕ ಕಪಾಟಿನಲ್ಲಿಡುವ ಔಚಿತ್ಯವನ್ನು ಕುರಿತು ಹಿರಿಯರೊಬ್ಬರು ಎತ್ತಿದ ಸಂಶಯ ಲಘುವಾದದ್ದಲ್ಲ. ಇಂತಿಷ್ಟು ವರ್ಷಗಳ ತನಕ ತೆರೆಯಬಾರದೆಂಬ ನಿಬಂಧನೆಯಿಂದ ಅದನ್ನು ಪರಿಹರಿಸಬಹುದೆಂದು ನನಗೆ ತೋರುತ್ತದೆ. ಇಳಕಲ್ ಸೀಮೆಯ ಆ ವಿದ್ಯಾರ್ಥಿನಿ ತನ್ನ ತಾಯಿಯ ಫೋನಿನಿಂದ ಎಂಟು ತಿಂಗಳ ಮಾತುಕತೆಯನ್ನು ಈಗಾಗಲೇ ಹೊರತೆಗೆದು ತಂದಿದ್ದಾಳೆ. ಅಕ್ಷರದಲ್ಲಿದ್ದದ್ದು ನಲವತ್ತು ಪುಟಗಳಷ್ಟಾಯಿತು. ಧ್ವನಿಯಲ್ಲಿದ್ದದ್ದನ್ನು ಅವಳು ದಿನಕ್ಕೆ ಅರ್ಧ ಗಂಟೆಯಂತೆ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾಳೆ. ಮಗ್ಗದ ಸದ್ದು ಹೆಚ್ಚಾಗಿರುವ ಕಡೆಗಳಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದೂ, ಅಂಥ ಕಡೆ ತಾಯಿಯನ್ನೇ ಕೇಳಿ ತುಂಬಿಸುತ್ತಿರುವುದಾಗಿಯೂ ಹೇಳಿದ್ದಾಳೆ.